ಪದ ಪರಿಚಯ: ಬ್ಯಾಕ್‌ಸ್ಟಾಪ್

2018 ಮತ್ತು 2019ರಲ್ಲಿ ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ಸುದ್ದಿಯನ್ನು ಓದುತ್ತಿದ್ದವರಿಗೆ ‘ಬ್ಯಾಕ್‌ಸ್ಟಾಪ್’ ಎಂಬ ಮಾತು ಪದೇ ಪದೇ ಎದುರಾಗುತ್ತಿತ್ತು. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ ಮುಂದೆ ಎಂಥ ವ್ಯಾಪಾರ ಒಪ್ಪಂದವಾದರೂ ಆಗಲಿ, ಆಗದೆಯೇ ಹೋಗಲಿ, ಐರ್ಲೆಂಡ್ ದ್ವೀಪವನ್ನು ಎರಡಾಗಿಸುವ ಗಡಿಯ ಮೇಲೆ ತಪಾಸಣಾ ಠಾಣೆಗಳು ಮತ್ತೆ ತಲೆಯೆತ್ತಬಾರದು ಎಂಬುದಕ್ಕೆ ಕೊಟ್ಟ ಕಾನೂನುಬದ್ಧ ಖಾತರಿಯೇ ಬ್ಯಾಕ್‌ಸ್ಟಾಪ್. ಬೇರೆ ದಾರಿ ಸಿಗದಿದ್ದರೆ ಮಾತ್ರ ಜಾರಿಗೆ ಬರಬೇಕಿದ್ದ ಏರ್ಪಾಡು ಅದು. ಅದನ್ನು ಬರೆದ ಎರಡೂ ಕಡೆಯವರು ಅದು ಬಳಕೆಗೆ ಬಾರದಿರಲಿ ಎಂದೇ ಹೇಳುತ್ತಿದ್ದರು. ಹೀಗಿದ್ದೂ ಬ್ರಿಟನ್ನಿನ ಪ್ರಧಾನಿಯೊಬ್ಬರು ಅಧಿಕಾರ ಬಿಟ್ಟದ್ದು, ಆಳುವ ಪಕ್ಷದಲ್ಲಿ ಆಳವಾದ ಬಿರುಕು ಬಿದ್ದದ್ದು, ಒಕ್ಕೂಟದಿಂದ ಹೊರಬೀಳುವ ದಿನಾಂಕ ಮೂರು ಬಾರಿ ಮುಂದಕ್ಕೆ ಹೋದದ್ದು ಬಹುಮಟ್ಟಿಗೆ ಈ ಒಂದು ಷರತ್ತಿನ ಕಾರಣದಿಂದಲೇ.

ಇದನ್ನು ಅರ್ಥಮಾಡಿಕೊಳ್ಳಲು ಐರೋಪ್ಯ ಒಕ್ಕೂಟದ ಎರಡು ಏರ್ಪಾಡುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಸುಂಕ ಒಕ್ಕೂಟ, ಅಂದರೆ ಕಸ್ಟಮ್ಸ್ ಯೂನಿಯನ್: ಸದಸ್ಯ ದೇಶಗಳು ತಮ್ಮ ತಮ್ಮಲ್ಲಿ ಆಮದು ಸುಂಕ ಹಾಕುವುದಿಲ್ಲ, ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ದರದ ಸುಂಕ ವಿಧಿಸುತ್ತಾರೆ. ಎರಡನೆಯದು ಏಕ ಮಾರುಕಟ್ಟೆ: ಆಹಾರದ ಶುದ್ಧತೆ, ಯಂತ್ರಗಳ ಸುರಕ್ಷತೆ, ಪ್ರಾಣಿಗಳ ಆರೋಗ್ಯ ಮುಂತಾದ ವಿಷಯಗಳಲ್ಲಿ ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ, ಅದರ ಜೊತೆಗೆ ಜನರು ಎಲ್ಲಿ ಬೇಕಾದರೂ ಹೋಗಿ ದುಡಿಯುವ ಹಕ್ಕು. ಗಡಿಯಲ್ಲಿ ಲಾರಿ ನಿಲ್ಲದೆ ಸಾಗಬೇಕಾದರೆ ಸುಂಕವೂ ಒಂದೇ ಇರಬೇಕು, ಸರಕಿನ ನಿಯಮಗಳೂ ಒಂದೇ ಇರಬೇಕು. ಜಿಎಸ್‌ಟಿ ಬರುವ ಮೊದಲು ನಮ್ಮಲ್ಲಿ ಎಷ್ಟೋ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನೆನೆದರೆ, ಎರಡು ಬಗೆಯ ಲೆಕ್ಕ ಸೇರುವ ಕಡೆ ಯಾರಾದರೂ ಕಾಗದಪತ್ರ ನೋಡಲೇಬೇಕಾಗುತ್ತದೆ ಎಂಬುದು ತಿಳಿಯುತ್ತದೆ. ನಾರ್ವೆ ಏಕ ಮಾರುಕಟ್ಟೆಯಲ್ಲಿದೆ, ಸುಂಕ ಒಕ್ಕೂಟದಲ್ಲಿಲ್ಲ. ಹಾಗಾಗಿ ಸ್ವೀಡನ್ ಗಡಿಯ ಸ್ವಿನೆಸುಂಡ್‌ನಲ್ಲಿ ಸುಂಕದ ಠಾಣೆಯಿದೆ. ಟರ್ಕಿ ಕೈಗಾರಿಕಾ ಸರಕಿನ ಮಟ್ಟಿಗೆ ಸುಂಕ ಒಕ್ಕೂಟದಲ್ಲಿದೆ, ಏಕ ಮಾರುಕಟ್ಟೆಯಲ್ಲಿಲ್ಲ. ಬಲ್ಗೇರಿಯ ಗಡಿಯಲ್ಲಿ ಅದರ ಲಾರಿಗಳು ಸಾಲಿನಲ್ಲಿ ಕಾಯುತ್ತವೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತದಾರರು ಒಕ್ಕೂಟ ಬಿಡೋಣ ಎಂದರು. ಬಿಟ್ಟ ಮೇಲೆ ಈ ಎರಡು ಏರ್ಪಾಡುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಮತಪತ್ರದಲ್ಲಿ ಇರಲಿಲ್ಲ. ಹೊಸ ಪ್ರಧಾನಿ ಥೆರೆಸಾ ಮೇ 2017ರ ಜನವರಿಯಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಮಾಡಿದ ಭಾಷಣದಲ್ಲಿ, ಏಕ ಮಾರುಕಟ್ಟೆಯಿಂದಲೂ ಸುಂಕ ಒಕ್ಕೂಟದ ಏಕರೂಪದ ಸುಂಕ ವ್ಯವಸ್ಥೆಯಿಂದಲೂ ಹೊರಬರುವುದಾಗಿ ಸಾರಿದರು. ಆ ಕ್ಷಣದಿಂದ ಐರ್ಲೆಂಡಿನ ಗಡಿ ಒಂದು ಸಮಸ್ಯೆಯಾಯಿತು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ; ದಕ್ಷಿಣದ ಐರ್ಲೆಂಡ್ ಗಣರಾಜ್ಯ ಒಕ್ಕೂಟದಲ್ಲೇ ಉಳಿಯುವ ಸ್ವತಂತ್ರ ದೇಶ. ಒಕ್ಕೂಟ ಮತ್ತು ಬ್ರಿಟನ್ ಒಂದನ್ನೊಂದು ಮುಟ್ಟುವ ಮುಖ್ಯ ಭೂಗಡಿ ಅದೇ.

ಸುಮಾರು 500 ಕಿಲೋಮೀಟರ್ ಉದ್ದದ ಈ ಗಡಿಯನ್ನು 200ಕ್ಕೂ ಹೆಚ್ಚು ರಸ್ತೆಗಳು ದಾಟುತ್ತವೆ. ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ಹೋಗುವ ಹೆದ್ದಾರಿಯಲ್ಲಿ ನ್ಯೂರಿ ಪಟ್ಟಣ ದಾಟಿದ ಮೇಲೆ ವೇಗಮಿತಿಯ ಫಲಕಗಳು ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತವೆ. ದೇಶ ಬದಲಾದದ್ದು ಗೊತ್ತಾಗುವುದು ಹೆಚ್ಚುಕಡಿಮೆ ಅಷ್ಟರಿಂದಲೇ. ಉತ್ತರದಲ್ಲಿ ಕರೆದ ಹಾಲಿನ ದೊಡ್ಡ ಪಾಲು ಟ್ಯಾಂಕರುಗಳಲ್ಲಿ ದಕ್ಷಿಣದ ಡೇರಿಗಳಿಗೆ ಹೋಗಿ ಬೆಣ್ಣೆ, ಗಿಣ್ಣು, ಹಾಲಿನ ಪುಡಿಯಾಗುತ್ತದೆ. ಡಬ್ಲಿನ್ನಿನಲ್ಲಿ ತಯಾರಾದ ಗಿನ್ನೆಸ್ ಬಿಯರ್ ಡಬ್ಬಿ ಸೇರಲು ಬೆಲ್‌ಫಾಸ್ಟ್‌ಗೆ ಬಂದು ಮತ್ತೆ ಡಬ್ಲಿನ್ ಬಂದರಿಗೆ ಮರಳುತ್ತದೆ. ಇಂಥ ಗಡಿಯಲ್ಲಿ ಪ್ರತಿ ಟ್ಯಾಂಕರನ್ನೂ ನಿಲ್ಲಿಸಿ ಪತ್ರ ಕೇಳುವುದೆಂದರೆ ಆ ಭಾಗದ ಬದುಕನ್ನೇ ತಡೆದು ನಿಲ್ಲಿಸಿದಂತೆ.

ವ್ಯಾಪಾರದ ತೊಂದರೆ ಇದರ ಒಂದು ಮುಖ ಮಾತ್ರ. 1960ರ ದಶಕದ ಕೊನೆಯಿಂದ ಮೂರು ದಶಕ ಉತ್ತರ ಐರ್ಲೆಂಡ್‌ನಲ್ಲಿ ಐರ್ಲೆಂಡ್ ಗಣರಾಜ್ಯವನ್ನು ಸೇರಬೇಕೆನ್ನುವವರಿಗೂ ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವವರಿಗೂ ನಡುವೆ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಆ ಕಾಲದಲ್ಲಿ ಗಡಿಯ ಸುಂಕದ ಕಟ್ಟೆ ಎಂದರೆ ದಾಳಿಗೆ ಸುಲಭವಾಗಿ ಸಿಗುವ ಗುರಿ. 1972ರ ಆಗಸ್ಟ್ 22ರಂದು ನ್ಯೂರಿಯ ಸುಂಕದ ಕಚೇರಿಗೆ, ಐರ್ಲೆಂಡ್ ಒಂದಾಗಬೇಕೆಂದು ಹೋರಾಡುತ್ತಿದ್ದ ಸಶಸ್ತ್ರ ಗುಂಪಾದ ಐಆರ್‌ಎ ಸದಸ್ಯರು ತಂದ ಬಾಂಬು ಸಿಡಿದು, ಅದನ್ನು ತಂದವರೂ ಸೇರಿ ಒಂಬತ್ತು ಮಂದಿ ಸತ್ತರು; ಅವರಲ್ಲಿ ಸುಂಕದ ನೌಕರರೂ ಲಾರಿ ಚಾಲಕರೂ ಇದ್ದರು. 1993ರಲ್ಲಿ ಏಕ ಮಾರುಕಟ್ಟೆ ಬಂದು ಸುಂಕದ ತಪಾಸಣೆ ನಿಂತಿತು, 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಸೈನಿಕರ ಕಾವಲು ಗೋಪುರಗಳೂ ಕೆಳಗಿಳಿದವು. ಗಡಿ ಕಣ್ಣಿಗೆ ಕಾಣದಂತಾದ ಮೇಲೆ, ಐರಿಷ್ ಎಂದುಕೊಂಡವರು ಐರಿಷರಾಗಿ, ಬ್ರಿಟಿಷ್ ಎಂದುಕೊಂಡವರು ಬ್ರಿಟಿಷರಾಗಿ ಒಂದೇ ಊರಲ್ಲಿ ಬಾಳುವುದು ಸಾಧ್ಯವಾಯಿತು. ಲಂಡನ್ನಿನ ಎಷ್ಟೋ ರಾಜಕಾರಣಿಗಳು ಜನಮತಗಣನೆಯ ಪ್ರಚಾರದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿಯಾಗಿ ಕಾಣುತ್ತದೆ. ಉತ್ತರ ಐರ್ಲೆಂಡ್‌ನ ಶೇ 55.8ರಷ್ಟು ಮತದಾರರು ಒಕ್ಕೂಟದಲ್ಲೇ ಉಳಿಯೋಣ ಎಂದು ಮತ ಹಾಕಿದ್ದರು.

ಹೀಗೆ ಬ್ರಿಟನ್ ಸರ್ಕಾರದ ಕೊರಳಿಗೆ ಮೂರು ಭರವಸೆಗಳು ಬಿದ್ದವು: ಏಕ ಮಾರುಕಟ್ಟೆ ಮತ್ತು ಸುಂಕ ಒಕ್ಕೂಟ ಎರಡನ್ನೂ ಬಿಡುವುದು, ಐರ್ಲೆಂಡ್ ದ್ವೀಪದ ಮೇಲೆ ತಪಾಸಣೆಯ ಗಡಿ ಬಾರದಂತೆ ನೋಡಿಕೊಳ್ಳುವುದು, ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ನಿನ ನಡುವೆ ಸಮುದ್ರದಲ್ಲೂ ಗಡಿ ಹಾಕದಿರುವುದು. ಇವುಗಳಲ್ಲಿ ಯಾವ ಎರಡನ್ನಾದರೂ ಉಳಿಸಿಕೊಳ್ಳಬಹುದು, ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಬರುವುದಿಲ್ಲ. ಬ್ಯಾಕ್‌ಸ್ಟಾಪ್ ವಿವಾದದ ತಿರುಳು ಇಷ್ಟೇ. ಯಾವುದನ್ನು ಬಿಟ್ಟುಕೊಡಬೇಕು ಎಂದು ಜನರಿಗೆ ಮೊದಲೇ ನೇರವಾಗಿ ಹೇಳದೆ ಹೋದದ್ದೇ ಮುಂದಿನ ಎರಡು ವರ್ಷಗಳ ಕಲಹಕ್ಕೆ ಕಾರಣವಾಯಿತು ಎಂಬುದು ನನ್ನ ಅಭಿಪ್ರಾಯ.

2018ರ ಫೆಬ್ರವರಿಯಲ್ಲಿ ಐರೋಪ್ಯ ಆಯೋಗ ಸಿದ್ಧಪಡಿಸಿದ ಮೊದಲ ಕರಡಿನಲ್ಲಿ ಉತ್ತರ ಐರ್ಲೆಂಡ್ ಮಾತ್ರ ಒಕ್ಕೂಟದ ಸುಂಕ ವಲಯದಲ್ಲಿ ಉಳಿಯಬೇಕಿತ್ತು. ಬ್ರಿಟನ್ನಿನ ಯಾವ ಪ್ರಧಾನಿಯೂ ಇದಕ್ಕೆ ಒಪ್ಪಲಾರರು ಎಂದು ಥೆರೆಸಾ ಮೇ ಸಂಸತ್ತಿನಲ್ಲಿ ಹೇಳಿದರು. ಅವರ ಸರ್ಕಾರ 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡು, ಉತ್ತರ ಐರ್ಲೆಂಡ್‌ನ ಡಿಯುಪಿ ಪಕ್ಷದ 10 ಸದಸ್ಯರ ಬೆಂಬಲದ ಮೇಲೆ ನಿಂತಿತ್ತು. ಬ್ರಿಟನ್ನಿನೊಂದಿಗಿನ ಏಕತೆಯೇ ಆ ಪಕ್ಷದ ಉಸಿರು. ಹೀಗಾಗಿ 2018ರ ನವೆಂಬರ್‌ನಲ್ಲಿ ಸಿದ್ಧವಾದ 585 ಪುಟಗಳ ನಿರ್ಗಮನ ಒಪ್ಪಂದದಲ್ಲಿ ಬ್ಯಾಕ್‌ಸ್ಟಾಪ್ ಇಡೀ ಬ್ರಿಟನ್ನಿಗೆ ಹಿಗ್ಗಿತು. 2020ರ ಕೊನೆಗೆ ಮುಗಿಯಬೇಕಿದ್ದ ಸಂಕ್ರಮಣ ಅವಧಿಯೊಳಗೆ, ಅದನ್ನು ವಿಸ್ತರಿಸಿದರೆ ಆ ಹೆಚ್ಚುವರಿ ಕಾಲದೊಳಗೆ, ಬೇರೆ ಒಪ್ಪಂದ ಆಗದಿದ್ದರೆ ಇಡೀ ದೇಶ ಒಕ್ಕೂಟದೊಂದಿಗೆ ಒಂದೇ ಸುಂಕ ವಲಯವಾಗುತ್ತದೆ, ಉತ್ತರ ಐರ್ಲೆಂಡ್ ಇದರ ಮೇಲೆ ಸರಕಿಗೆ ಸಂಬಂಧಿಸಿದ ಏಕ ಮಾರುಕಟ್ಟೆಯ ಹಲವು ನಿಯಮಗಳನ್ನೂ ಪಾಲಿಸುತ್ತದೆ. ಈ ಏರ್ಪಾಡನ್ನು ಕೊನೆಗೊಳಿಸಲು ಎರಡೂ ಕಡೆಯ ಒಪ್ಪಿಗೆ ಬೇಕು. ಬ್ರಿಟನ್ ಒಂದೇ ಕಡೆಯಿಂದ ಎದ್ದು ಹೋಗುವಂತಿಲ್ಲ.

ಈ ಕೊನೆಯ ಮಾತೇ ಬೆಂಕಿ ಹೊತ್ತಿಸಿತು. ಬೇರೊಂದು ಒಪ್ಪಂದ ಬರುವವರೆಗೆ ಬ್ಯಾಕ್‌ಸ್ಟಾಪ್ ಅನಿರ್ದಿಷ್ಟ ಕಾಲ ಮುಂದುವರಿಯುತ್ತದೆ ಎಂದು ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ಸರ್ಕಾರಕ್ಕೆ ಗೋಪ್ಯವಾಗಿ ಬರೆದಿದ್ದರು. ಆ ಸಲಹೆಯನ್ನು ಬಹಿರಂಗಪಡಿಸದ ಸರ್ಕಾರ ಸದನದ ನಿಂದನೆ ಮಾಡಿದೆ ಎಂದು ಕೆಳಮನೆ ಮತ ಹಾಕಿ ತೀರ್ಮಾನಿಸಿದ ಮರುದಿನ, ಡಿಸೆಂಬರ್ 5ರಂದು ಅದು ಹೊರಬಿತ್ತು. ಸುಂಕ ಒಕ್ಕೂಟದಲ್ಲಿ ಸಿಲುಕಿಕೊಂಡರೆ ಅಮೆರಿಕ, ಭಾರತದಂಥ ದೇಶಗಳೊಂದಿಗೆ ಸ್ವಂತ ವ್ಯಾಪಾರ ಒಪ್ಪಂದ ಮಾಡಿಕೊಳ್ಳಲಾಗದು, ನಿಯಮ ಮಾಡುವ ಅಧಿಕಾರವಿಲ್ಲದೆ ನಿಯಮ ಪಾಲಿಸಬೇಕಾಗುತ್ತದೆ ಎಂದು ಕನ್ಸರ್ವೇಟಿವ್ ಪಕ್ಷದೊಳಗಿನ ಕಟ್ಟಾ ನಿರ್ಗಮನವಾದಿಗಳು ವಿರೋಧಿಸಿದರು. ಉತ್ತರ ಐರ್ಲೆಂಡ್‌ಗೆ ಬೇರೆ ನಿಯಮ ಏಕೆ ಎಂದು ಡಿಯುಪಿ ವಿರೋಧಿಸಿತು. ಲೇಬರ್ ಪಕ್ಷಕ್ಕೆ ಬೇಕಿದ್ದುದು ತಾತ್ಕಾಲಿಕ ಆಸರೆಯಲ್ಲ, ಶಾಶ್ವತ ಸುಂಕ ಒಕ್ಕೂಟ. ಇನ್ನು ಕೆಲವರಿಗೆ ಇನ್ನೊಂದು ಜನಮತಗಣನೆಯೇ ಬೇಕಿತ್ತು. ಹೀಗೆ ಪರಸ್ಪರ ವಿರುದ್ಧ ಕಾರಣಗಳಿಗಾಗಿ ಒಂದೇ ಬಾಗಿಲಿಗೆ ನಡೆದವರು ಸೇರಿ 2019ರ ಜನವರಿ 15ರಂದು ಒಪ್ಪಂದವನ್ನು 432ಕ್ಕೆ 202 ಮತಗಳಿಂದ ಸೋಲಿಸಿದರು. ವಿರುದ್ಧ ಮತ ಹಾಕಿದವರಲ್ಲಿ 118 ಮಂದಿ ಆಳುವ ಪಕ್ಷದವರೇ.

ಎರಡು ವಾರದ ನಂತರ ಅದೇ ಸದನ, ಬ್ಯಾಕ್‌ಸ್ಟಾಪ್ ತೆಗೆದು ಅದರ ಜಾಗದಲ್ಲಿ ‘ಪರ್ಯಾಯ ಏರ್ಪಾಡು’ ತರಬೇಕು ಎಂಬ ತಿದ್ದುಪಡಿಯನ್ನು 317ಕ್ಕೆ 301 ಮತಗಳಿಂದ ಒಪ್ಪಿತು. ಕ್ಯಾಮೆರಾ, ಮುಂಗಡ ದಾಖಲೆ, ನೋಂದಾಯಿತ ವರ್ತಕರು ಎಂಬಿವುಗಳಿಂದ ಗಡಿಯನ್ನು ನಿಭಾಯಿಸಬಹುದು ಎಂಬುದು ಅದರ ಹಿಂದಿನ ವಾದ. ಆದರೆ ಸುಂಕವೂ ನಿಯಮವೂ ಬೇರೆಯಾದ ಎರಡು ವಲಯಗಳ ನಡುವೆ ಅಂಥ ತಪಾಸಣೆಯಿಲ್ಲದ ಗಡಿಯನ್ನು ಯಾರೂ ತೋರಿಸಿಕೊಡಲಿಲ್ಲ. ಅವಧಿ ಮುಗಿದರೆ ಇಲ್ಲವಾಗುವ ಖಾತರಿ ಖಾತರಿಯೇ ಅಲ್ಲ ಎಂದು ಐರ್ಲೆಂಡ್ ಗಣರಾಜ್ಯದ ಸರ್ಕಾರ ತನ್ನ ಪಟ್ಟು ಸಡಿಲಿಸಲಿಲ್ಲ. ಒಕ್ಕೂಟದ ಉಳಿದ 26 ದೇಶಗಳು ಅದರ ಬೆನ್ನಿಗೆ ನಿಂತವು. ಒಪ್ಪಂದ ಮಾರ್ಚ್‌ನಲ್ಲಿ ಇನ್ನೆರಡು ಬಾರಿ ಸೋತಿತು. ಏಪ್ರಿಲ್ 1ರಂದು ಶಾಶ್ವತ ಸುಂಕ ಒಕ್ಕೂಟದ ಪ್ರಸ್ತಾವ 273ಕ್ಕೆ 276, ಅಂದರೆ ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. ಮೇ 24ರಂದು ಥೆರೆಸಾ ಮೇ ಕಣ್ಣೀರು ತಡೆಯುತ್ತ ರಾಜೀನಾಮೆಯ ದಿನಾಂಕ ಪ್ರಕಟಿಸಿದರು.

ಅವರ ನಂತರ ಬಂದ ಬೋರಿಸ್ ಜಾನ್ಸನ್ ಮೂರು ಭರವಸೆಗಳಲ್ಲಿ ಮೂರನೆಯದನ್ನು ಕೈಬಿಟ್ಟರು. 2019ರ ಅಕ್ಟೋಬರ್ 10ರಂದು ಲಿವರ್‌ಪೂಲ್ ಬಳಿಯ ವಿರಲ್‌ನಲ್ಲಿ ಅವರು ಐರ್ಲೆಂಡ್ ಪ್ರಧಾನಿ ಲಿಯೊ ವರಾಡ್ಕರ್ ಅವರನ್ನು ಭೇಟಿಯಾದರು. ಒಂದು ವಾರದಲ್ಲಿ ಹೊಸ ಒಪ್ಪಂದ ಸಿದ್ಧವಾಯಿತು. ಉತ್ತರ ಐರ್ಲೆಂಡ್ ಕಾನೂನಿನ ಪ್ರಕಾರ ಬ್ರಿಟನ್ನಿನ ಸುಂಕ ವಲಯದಲ್ಲೇ ಇರುತ್ತದೆ, ಆದರೆ ಸರಕಿನ ವಿಷಯದಲ್ಲಿ ಒಕ್ಕೂಟದ ನಿಯಮ ಪಾಲಿಸುತ್ತದೆ. ಉಳಿದ ಬ್ರಿಟನ್ನಿನಿಂದ ಬರುವ ಸರಕಿನ ತಪಾಸಣೆ ಲಾರ್ನ್, ಬೆಲ್‌ಫಾಸ್ಟ್‌ನಂಥ ಬಂದರುಗಳಲ್ಲಿ ನಡೆಯುತ್ತದೆ. ‘ಉತ್ತರ ಐರ್ಲೆಂಡ್ ಪ್ರೋಟೋಕಾಲ್’ ಎಂಬ ಈ ಏರ್ಪಾಡು ಬ್ಯಾಕ್‌ಸ್ಟಾಪ್ ಅಲ್ಲ: ಬೇರೆ ದಾರಿಯಿಲ್ಲದಾಗ ಬರುವಂಥದ್ದಾಗಿರದೆ ಮೊದಲ ದಿನದಿಂದಲೇ ಜಾರಿಯಲ್ಲಿರುವ ಕಾಯಂ ವ್ಯವಸ್ಥೆ ಇದು. ಅದನ್ನು ಉಳಿಸಿಕೊಳ್ಳಬೇಕೇ ಎಂದು ಉತ್ತರ ಐರ್ಲೆಂಡ್ ಶಾಸನಸಭೆ ನಿಗದಿತ ಅವಧಿಗೊಮ್ಮೆ ಮತ ಹಾಕುವುದು ಇದರ ಹೊಸ ಅಂಶ, ಮತ್ತು ನನಗೆ ಮೆಚ್ಚುಗೆಯಾಗುವ ಅಂಶವೂ ಹೌದು. ಮೇ ಅವರ ಬ್ಯಾಕ್‌ಸ್ಟಾಪ್‌ನಲ್ಲಿ ಅದಕ್ಕೆ ಒಳಪಡುವ ಜನರ ಒಪ್ಪಿಗೆಗೆ ಜಾಗವಿರಲಿಲ್ಲ.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು, ಆದರೆ ಜಗಳ ಅದರೊಂದಿಗೆ ಮುಗಿಯಲಿಲ್ಲ. ಸಮುದ್ರದ ಗಡಿಯನ್ನು ವಿರೋಧಿಸಿ ಡಿಯುಪಿ 2022ರ ಫೆಬ್ರವರಿಯಲ್ಲಿ ಅಧಿಕಾರ ಹಂಚಿಕೆಯ ಪ್ರಾಂತೀಯ ಸರ್ಕಾರದಿಂದ ಹೊರನಡೆಯಿತು. ಕರ್ನಾಟಕದವರಿಗೆ ಇನ್ಫೊಸಿಸ್ ನಾರಾಯಣ ಮೂರ್ತಿಯವರ ಅಳಿಯನೆಂದೂ ಪರಿಚಿತರಾದ ರಿಷಿ ಸುನಕ್ ಪ್ರಧಾನಿಯಾಗಿದ್ದಾಗ, 2023ರ ಫೆಬ್ರವರಿ 27ರಂದು ‘ವಿಂಡ್ಸರ್ ಚೌಕಟ್ಟು’ ಎಂಬ ತಿದ್ದುಪಡಿಗೆ ಒಪ್ಪಿಗೆಯಾಯಿತು: ಉತ್ತರ ಐರ್ಲೆಂಡ್‌ನಲ್ಲೇ ಉಳಿಯುವ ಸರಕಿಗೆ ಕಡಿಮೆ ತಪಾಸಣೆಯ ಹಸಿರು ದಾರಿ, ಗಡಿ ದಾಟಿ ಒಕ್ಕೂಟಕ್ಕೆ ಹೋಗಬಹುದಾದ ಸರಕಿಗೆ ಪೂರ್ಣ ತಪಾಸಣೆಯ ಕೆಂಪು ದಾರಿ. ಡಿಯುಪಿ ಸರ್ಕಾರಕ್ಕೆ ಮರಳಿದ್ದು 2024ರ ಫೆಬ್ರವರಿಯಲ್ಲಿ. ಅದೇ ವರ್ಷದ ಡಿಸೆಂಬರ್ 10ರಂದು ಶಾಸನಸಭೆ ಈ ಏರ್ಪಾಡಿಗೆ ಮೊದಲ ಬಾರಿ ಮತ ಹಾಕಿ, 48ಕ್ಕೆ 36ರಿಂದ ಮುಂದುವರಿಸಿತು. ಬ್ರಿಟನ್ನಿನೊಂದಿಗಿನ ಏಕತೆಯನ್ನು ಬಯಸುವ ಪಕ್ಷಗಳು ವಿರುದ್ಧವಾಗಿ ನಿಂತು, ಎರಡೂ ಸಮುದಾಯಗಳ ಬೆಂಬಲ ಸಿಗದ ಕಾರಣ, ಮುಂದಿನ ಮತದಾನ ಎಂಟು ವರ್ಷದ ಬದಲು ನಾಲ್ಕೇ ವರ್ಷಕ್ಕೆ, 2028ರಲ್ಲಿ ನಡೆಯಬೇಕಿದೆ.