ನನ್ನ ಅರ್ಧ ಕಟ್ಟಾಯ್ತು, ಬಾಕಿಗೂ ನನ್ನನ್ನೇ ಯಾಕೆ ಕೇಳ್ತಾರೆ?

ಪ್ರಶ್ನೆ: ಅಣ್ಣನೂ ನಾನೂ ಸೇರಿ ಬ್ಯಾಂಕಿನಲ್ಲಿ ಜಂಟಿ ಸಾಲ ತೆಗೆದಿದ್ದೆವು. ಪ್ರತಿ ಕಂತಿನಲ್ಲೂ ನನ್ನ ಅರ್ಧವನ್ನು ತಪ್ಪದೆ ಹಾಕುತ್ತಿದ್ದೇನೆ. ಅಣ್ಣ ನಾಲ್ಕು ತಿಂಗಳಿಂದ ಹಾಕಿಲ್ಲ. ಈಗ ಬ್ಯಾಂಕಿನವರು ಅವನ ಬಾಕಿಯನ್ನೂ ನನ್ನಿಂದಲೇ ಕೇಳುತ್ತಿದ್ದಾರೆ. ಹೀಗೆ ಕೇಳಬಹುದಾ?

ಉತ್ತರ: ಕೇಳಬಹುದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಒಮ್ಮೆ ಅಣ್ಣ, ಒಮ್ಮೆ ಗಂಡ, ಇನ್ನೊಮ್ಮೆ ವ್ಯಾಪಾರದ ಪಾಲುದಾರ. ಎಲ್ಲರ ಮನಸ್ಸಿನಲ್ಲೂ ಒಂದೇ ನಂಬಿಕೆ: ಇಬ್ಬರು ಸಹಿ ಹಾಕಿದರೆ ಸಾಲ ಎರಡು ಪಾಲಾಗುತ್ತದೆ ಅಂತ.

ಆಗುವುದಿಲ್ಲ. ದಯವಿಟ್ಟು ಇದನ್ನು ಮನಸ್ಸಿನಿಂದ ತೆಗೆದುಹಾಕಿ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ನೋಡಿ. ಕೆಲವರು ಸೇರಿ ಮಾತು ಕೊಟ್ಟಾಗ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. 4 ಲಕ್ಷ ಬಾಕಿ ಇದ್ದರೆ ನೀವೂ 4 ಲಕ್ಷಕ್ಕೆ ಹೊಣೆ, ಅಣ್ಣನೂ 4 ಲಕ್ಷಕ್ಕೆ ಹೊಣೆ. ಅರ್ಧರ್ಧ ಅನ್ನುವುದು ನೀವಿಬ್ಬರೂ ಮನೆಯಲ್ಲಿ ಮಾಡಿಕೊಂಡ ಮಾತು. ಬ್ಯಾಂಕು ಅದಕ್ಕೆ ಒಪ್ಪಿ ಸಹಿ ಹಾಕಿಲ್ಲ, ಅಲ್ವಾ? ವಿಚ್ಛೇದನದ ಒಪ್ಪಂದದಲ್ಲಿ 'ಸಾಲ ಗಂಡನೇ ತೀರಿಸಬೇಕು' ಅಂತ ಬರೆಸಿದವರಿಗೂ ಇದೇ ಉತ್ತರ. 'ದುಡ್ಡೆಲ್ಲ ಅವನೇ ಖರ್ಚು ಮಾಡಿದ' ಅನ್ನುವವರಿಗೂ ಇದೇ. ಬ್ಯಾಂಕು ಅಣ್ಣನನ್ನು ಹೊಣೆಯಿಂದ ಬಿಟ್ಟರೂ ನಿಮ್ಮ ಹೊಣೆ ಹೋಗುವುದಿಲ್ಲ. ಅದು 44ನೇ ಸೆಕ್ಷನ್.

ಆದರೆ 43ರಲ್ಲೇ ನಿಮ್ಮ ಪರವಾದ ಮಾತೂ ಇದೆ. ಅದನ್ನು ಯಾರೂ ಓದುವುದಿಲ್ಲ. ನಿಮ್ಮ ಪಾಲಿಗಿಂತ ಜಾಸ್ತಿ ಕಟ್ಟಿದ್ದನ್ನು ಅಣ್ಣನಿಂದ ಕೇಳಿ ಪಡೆಯುವ ಹಕ್ಕು ನಿಮಗಿದೆ. ಅದಕ್ಕೆ ಪುರಾವೆ ಬೇಕು. ನಗದು ಕೊಡಬೇಡಿ, ನಿಮ್ಮ ಖಾತೆಯಿಂದಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಈಗ ಮಾಡಬೇಕಾದ್ದು: ಅಸಲು, ಬಡ್ಡಿ, ದಂಡ ಎಷ್ಟೆಷ್ಟು ಅಂತ ಬ್ಯಾಂಕಿನಿಂದ ಬರಹದಲ್ಲಿ ತೆಗೆದುಕೊಳ್ಳಿ. ಸಾಧ್ಯವಾದರೆ ಪೂರ್ತಿ ಕಂತು ಕಟ್ಟಿ. ಅರ್ಧ ಕಂತು ಹಾಕುತ್ತಿದ್ದರೆ ಖಾತೆ ಬಾಕಿಯಲ್ಲೇ ಇರುತ್ತದೆ. ಅದು ಇಬ್ಬರ ಸಿಬಿಲ್ ವರದಿಯಲ್ಲೂ (ಸಾಲ ಹೇಗೆ ತೀರಿಸುತ್ತಿದ್ದೀರಿ ಅನ್ನುವ ದಾಖಲೆ) ಕಾಣುತ್ತದೆ. ಬಾಕಿ 90 ದಿನ ದಾಟಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆಮೇಲೆ ಹಳೇ ಬಾಕಿಯನ್ನೆಲ್ಲ ತೀರಿಸಿದರೇನೇ ಅದು ಸರಿಹೋಗುವುದು. ಕಟ್ಟಲು ಆಗದಿದ್ದರೆ ಸುಮ್ನೆ ಫೋನ್ ಎತ್ತದೆ ಕೂರಬೇಡಿ, ಕಂತು ಇಳಿಸಿಕೊಡಿ ಅಂತ ಅರ್ಜಿ ಕೊಡಿ. ರಿಕವರಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

'ನನ್ನ ಹೆಸರು ತೆಗೆಯಿರಿ' ಅಂದರಷ್ಟೇ ಸಾಲದು, ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು. ಅಣ್ಣನೊಬ್ಬನ ಆದಾಯ ಸಾಲಕ್ಕೆ ಸಾಕಾಗದಿದ್ದರೆ ಒಪ್ಪುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಕ್ರೆಡಿಟ್ ಕಾರ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಾರ್ಡಿನ ಮೇಲೆ ಮನೆಯವರಿಗೆ ಆ್ಯಡ್-ಆನ್ ಕಾರ್ಡ್ ಕೊಡಿಸಿದ್ದೀರಾ? ಅಲ್ಲಿ ಲೆಕ್ಕ ಬೇರೆ. ಅವರು ಉಜ್ಜಿದ್ದಕ್ಕೆಲ್ಲ ಮುಖ್ಯ ಕಾರ್ಡಿನವರಾದ ನೀವೇ ಹೊಣೆ. ಬ್ಯಾಂಕು ಅವಕಾಶ ಕೊಟ್ಟಿದ್ದರೆ ಆ ಕಾರ್ಡಿಗೆ ಬೇರೆ ಮಿತಿ ಹಾಕಿಸಿ. ಸಂಬಂಧ ಕೆಟ್ಟಿದ್ದರೆ ಇವತ್ತೇ ಅದನ್ನು ಬ್ಲಾಕ್ ಮಾಡಿಸಿ.