ಮಾರ್ಚ್ 8 ಯಾವ ಮುಷ್ಕರದ ನೆನಪು?

ಪ್ರಶ್ನೆ: ಅಂತರರಾಷ್ಟ್ರೀಯ ಮಹಿಳಾ ದಿನವನ್ನು ಮಾರ್ಚ್ 8ರಂದು ಆಚರಿಸುವುದು 1857ರಲ್ಲಿ ನ್ಯೂಯಾರ್ಕಿನ ಗಾರ್ಮೆಂಟ್ಸ್ ಹೆಂಗಸರು ನಡೆಸಿದ ಮುಷ್ಕರದ ನೆನಪಿಗಲ್ಲವೇ?

ಅಲ್ಲ. ಫೆಬ್ರುವರಿ ಮುಗಿಯುತ್ತ ಬಂತೆಂದರೆ ಈ ಪ್ರಶ್ನೆ ಬರುತ್ತದೆ, ನಾನು ಉತ್ತರ ಬರೆಯುತ್ತೇನೆ, ಆದರೂ ನಮ್ಮ ಗಾರ್ಮೆಂಟ್ಸ್ ಟೈಲರ್‌ಗಳ ಸಂಘದ ಕರಪತ್ರದಲ್ಲಿ, ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅದೇ ಇಸವಿ ಮತ್ತೆ ಬಂದು ಕೂರುತ್ತದೆ. ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

1857ರ ಮಾರ್ಚ್ 8 ಭಾನುವಾರ. ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಕಾರ್ಖಾನೆಗೆ ರಜೆಯಿದ್ದ ದಿನ ಕೆಲಸ ನಿಲ್ಲಿಸಿ ಹೊರಬರುವುದು ಹೇಗೆ? ಫ್ರಾನ್ಸಿನ ಲಿಲಿಯಾನ್ ಕಾಂಡೆಲ್ ಮತ್ತು ಫ್ರಾನ್ಸ್ವಾಜ್ ಪೀಕ್ ಎಂಬ ಸಂಶೋಧಕಿಯರು ಈ ಕಥೆಯ ಬೇರು ಹುಡುಕಿದಾಗ ಆ ಕಾಲದ ಯಾವ ದಾಖಲೆಯಲ್ಲೂ ಅದರ ಸುಳಿವು ಸಿಗಲಿಲ್ಲ. ಅದು ಮೊದಲು ಕಾಣಿಸಿಕೊಂಡದ್ದು ಸುಮಾರು ನೂರು ವರ್ಷಗಳ ನಂತರ, 1955ರಲ್ಲಿ, ಫ್ರಾನ್ಸಿನ ಕಮ್ಯುನಿಸ್ಟ್ ಪತ್ರಿಕೆಯಲ್ಲಿ. ಇದೇ ಕಥೆಗೆ ಇನ್ನೊಂದು ರೂಪವಿದೆ: 1908ರ ಮಾರ್ಚ್ 8ರಂದು ಬೆಂಕಿಗೆ 129 ಹೆಂಗಸರು ಬಲಿಯಾದರಂತೆ. ಅದೂ ಭಾನುವಾರವೇ. ನಿಜವಾಗಿ ಸಂಭವಿಸಿದ್ದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಗಾರ್ಮೆಂಟ್ಸ್ ಕಾರ್ಖಾನೆಯ ಬೆಂಕಿ, 1911ರ ಮಾರ್ಚ್ 25ರಂದು. ಒಂಬತ್ತನೇ ಮಹಡಿಯ ಬಾಗಿಲಿಗೆ ಬೀಗ ಹಾಕಿದ್ದರಿಂದ ಹೊಲಿಗೆಯ ಹುಡುಗಿಯರು ಕಿಟಕಿಯಿಂದ ಹಾರಿದರು. ಒಟ್ಟು 146 ಜನ ಸತ್ತರು. ಆದರೆ ಮೊದಲ ಅಂತರರಾಷ್ಟ್ರೀಯ ಮಹಿಳಾ ದಿನ ಅದಕ್ಕೆ ಆರು ದಿನ ಮೊದಲೇ, ಮಾರ್ಚ್ 19ರಂದು, ಜರ್ಮನಿ, ಆಸ್ಟ್ರಿಯಾ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲಿ ನಡೆದಾಗಿತ್ತು. ನಡೆಯದ ಮುಷ್ಕರವನ್ನು ನೆನೆಯುತ್ತ ಕೂತರೆ ನಡೆದದ್ದು ಮರೆತುಹೋಗುತ್ತದೆ ಎಂಬುದೇ ನನ್ನ ಸಂಕಟ. 1909ರ ನವೆಂಬರಿನಲ್ಲಿ ಅದೇ ನ್ಯೂಯಾರ್ಕಿನಲ್ಲಿ ಕ್ಲಾರಾ ಲೆಮ್ಲಿಕ್ ಎಂಬ ಯುವತಿ, ಮುಖಂಡರ ಉದ್ದುದ್ದ ಭಾಷಣ ಕೇಳಿ ಸಾಕಾಗಿ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ತನ್ನ ಯಿಡ್ಡಿಷ್ ಭಾಷೆಯಲ್ಲೇ ಎದ್ದು ಮುಷ್ಕರಕ್ಕೆ ಕರೆ ಕೊಟ್ಟಳು. ಸುಮಾರು 20,000 ಮಂದಿ, ಬಹುಪಾಲು ಹೆಂಗಸರು, ಕೆಲಸ ಬಿಟ್ಟು ಹೊರಬಂದರು. ಬ್ಯಾನರಿಗೆ ಹಾಕಬೇಕಾದ ಇಸವಿ ಅದು.

ಇನ್ನು ದಿನಾಂಕದ ವಿಷಯ. 1910ರಲ್ಲಿ ಕೋಪನ್‌ಹೇಗನ್ನಿನ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಜರ್ಮನಿಯ ಸಮಾಜವಾದಿ ನಾಯಕಿ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು ಮಹಿಳಾ ದಿನದ ಪ್ರಸ್ತಾವ ಮಂಡಿಸಿದಾಗ ತಾರೀಖು ಗೊತ್ತುಮಾಡಿರಲಿಲ್ಲ. ಅದನ್ನು ಗಟ್ಟಿಮಾಡಿದವರು ರಷ್ಯದ ಅಂದಿನ ರಾಜಧಾನಿ ಪೆಟ್ರೊಗ್ರಾಡಿನ ಜವಳಿ ಗಿರಣಿಯ ಹೆಂಗಸರು. 1917ರ ಮಾರ್ಚ್ 8ರಂದು, ರಷ್ಯದ ಹಳೆಯ ಪಂಚಾಂಗದಲ್ಲಿ ಫೆಬ್ರುವರಿ 23ರಂದು, ಮುಷ್ಕರ ಬೇಡವೆಂದು ಹಿಂದಿನ ದಿನವಷ್ಟೇ ಬುದ್ಧಿ ಹೇಳಿದ್ದ ಕಾರ್ಯಕರ್ತರ ಮಾತನ್ನು ಬದಿಗಿಟ್ಟು, ಬ್ರೆಡ್ಡು ಬೇಕೆಂದು ಕೂಗುತ್ತ ಅವರು ಬೀದಿಗಿಳಿದರು. ಲೋಹದ ಕಾರ್ಖಾನೆಗಳ ಮುಂದೆ ನಿಂತು ಗಂಡಸರನ್ನೂ ಹೊರಗೆ ಕರೆದರು. ಒಂದು ವಾರದಲ್ಲಿ ರಷ್ಯದ ಚಕ್ರವರ್ತಿ ಜಾರ್ ಸಿಂಹಾಸನ ಬಿಟ್ಟ. 1921ರಲ್ಲಿ ಮಾಸ್ಕೋದ ಕಮ್ಯುನಿಸ್ಟ್ ಮಹಿಳಾ ಸಮ್ಮೇಳನ ಆ ದಿನವನ್ನೇ ಖಾಯಂ ಮಾಡಿತು. ವಿಶ್ವಸಂಸ್ಥೆ ಆಚರಿಸತೊಡಗಿದ್ದು 1975ರಲ್ಲಿ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ನಮ್ಮ ಸಂಘದ ಕಾರ್ಯಕ್ರಮ ಮಾರ್ಚ್ 8 ಬಿಟ್ಟು ಅದರ ಆಚೀಚಿನ ಭಾನುವಾರ ನಡೆಯುವುದೇಕೆ? ಅಂದು ಮಾತ್ರ ಟೈಲರ್‌ಗಳಿಗೆ ಬಿಡುವು. 1911ರ ಮಾರ್ಚ್ 19 ಭಾನುವಾರವಾಗಿತ್ತು, 1914ರಲ್ಲಿ ಜರ್ಮನಿಯವರು ಆಚರಿಸಿದ ಮಾರ್ಚ್ 8 ಕೂಡ ಭಾನುವಾರವೇ. ದಿನಗೂಲಿ ಕಳೆದುಕೊಳ್ಳದೆ ಸಭೆಗೆ ಬರಬೇಕಾದವರ ಕಷ್ಟ ಅಂದಿನ ಸಂಘಟಕರಿಗೂ ಗೊತ್ತಿತ್ತು.

ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಭಾನುವಾರಕ್ಕೆ ಕಾಯದೆ ಹೊರಬಂದ ದಿನಗಳೂ ಇವೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ, ಯಾವ ಮುಖಂಡರ ಕರೆಗೂ ಕಾಯದೆ, ಹೊಸೂರು ರಸ್ತೆಯಲ್ಲಿ ಕೂತರು. ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ರಸ್ತೆಯಲ್ಲಿ ಕೂತಿದ್ದ ಹಲವರು ಈಗಲೂ ನಮ್ಮ ಭಾನುವಾರದ ಸಭೆಗೆ ಬರುತ್ತಾರೆ, ಮೈಕು ಕೈಗೆ ಕೊಟ್ಟರೆ ಮೊದಲು ಪಿಎಫ್ ಮಾತನ್ನೇ ತೆಗೆಯುತ್ತಾರೆ.