ಹವಾಮಾನ ನಿಧಿಯ ಹಣ ಕೇಳುವುದು ಯಾರನ್ನು, ಹೇಗೆ?

ಓದುಗರ ಪ್ರಶ್ನೆ: ಹವಾಮಾನ ಬದಲಾವಣೆ ತಾಳಿಕೊಳ್ಳಲು ಬಡ ದೇಶಗಳಿಗೆ ಇಷ್ಟು ಸಾವಿರ ಕೋಟಿ ಡಾಲರ್ ಅಂತ ಪ್ರತಿ ಸಮ್ಮೇಳನ ಮುಗಿದಾಗಲೂ ಪೇಪರ್‌ನಲ್ಲಿ ಬರುತ್ತದೆ. ಆ ಹಣವನ್ನು ಒಂದು ದೇಶ ನಿಜವಾಗಿ ಪಡೆಯುವುದು ಹೇಗೆ? ನಮ್ಮೂರ ಕೆರೆಗೆ ನಮ್ಮ ಸಂಘವೇ ನೇರವಾಗಿ ಕೇಳಬಹುದಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೇರವಾಗಿ ಕೇಳಲು ಆಗುವುದಿಲ್ಲ. ನಿಮಗೆ ಮಾತ್ರ ಈ ನಿಯಮ ಅಂದುಕೊಳ್ಳಬೇಡಿ. ಒಂದು ದೇಶದ ಪ್ರಧಾನಿಯೇ ಪತ್ರ ಬರೆದರೂ ಹಣ ಬರುವುದಿಲ್ಲ. ನಡುವೆ ಒಂದು ಸಂಸ್ಥೆ ಬೇಕೇ ಬೇಕು. ಈ ವ್ಯವಸ್ಥೆಯ ಗಂಟು ಇರುವುದೇ ಅಲ್ಲಿ.

ಮೊದಲು ಹಣದ ಮಾತು. ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹೊಂದಿಸುತ್ತೇವೆ ಅಂತ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅವುಗಳದೇ ಲೆಕ್ಕದ ಪ್ರಕಾರ ಆ ಮಾತು ಈಡೇರಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಅದರಲ್ಲೂ ಜಾಸ್ತಿ ಹಣ ಹೋಗುವುದು ಸೋಲಾರ್, ಗಾಳಿ ವಿದ್ಯುತ್‌ನಂಥ ಹೊಗೆ ತಗ್ಗಿಸುವ ಕೆಲಸಕ್ಕೆ. ಬರ, ನೆರೆ, ಉಕ್ಕುವ ಕಡಲಿನ ಜೊತೆ ಬದುಕುವುದಕ್ಕೆ, ಅಂದರೆ ಹೊಂದಾಣಿಕೆಗೆ ಸಿಗುವುದು ಕಡಿಮೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2023ರಲ್ಲಿ ಹೊಂದಾಣಿಕೆಗೆ ಅಂತ ಬಂದ ಸರ್ಕಾರಿ ಹಣ ಸುಮಾರು 2,600 ಕೋಟಿ ಡಾಲರ್. 2035ರ ಹೊತ್ತಿಗೆ ವರ್ಷಕ್ಕೆ ಬೇಕಾಗುವುದು 31,000 ಕೋಟಿಗೂ ಜಾಸ್ತಿ. ಸಾಲದ್ದಕ್ಕೆ, ಒಟ್ಟು ಹವಾಮಾನ ಹಣದಲ್ಲಿ ಸರ್ಕಾರಗಳಿಂದ ಬರುವ ಪಾಲಿನ ಸುಮಾರು ಮೂರನೇ ಎರಡು ಭಾಗ ಸಾಲ. ಮುಳುಗುತ್ತಿರುವವನಿಗೆ ಹಗ್ಗ ಎಸೆದು ಹಗ್ಗದ ಬಾಡಿಗೆ ಕೇಳಿದ ಹಾಗೆ.

ಈ ಹಣ ಬರುವ ದಾರಿಗಳು ಹಲವು. ದೇಶದಿಂದ ದೇಶಕ್ಕೆ, ವಿಶ್ವಬ್ಯಾಂಕಿನಂಥ ಬ್ಯಾಂಕುಗಳ ಮೂಲಕ, ಅತಿ ಹಿಂದುಳಿದ ದೇಶಗಳಿಗೆ ಮಾತ್ರ ಅಂತ ಇರುವ ಪ್ರತ್ಯೇಕ ನಿಧಿಯ ಮೂಲಕ. ನಿಮ್ಮ ಪ್ರಶ್ನೆಗೆ ಮುಖ್ಯವಾದವು ಎರಡು.

ಒಂದು ಅಡಾಪ್ಟೇಶನ್ ಫಂಡ್. ಚಿಕ್ಕದು, ಆದರೆ ಕೊಡುವುದೆಲ್ಲ ಅನುದಾನ. ಇದರ ಹುಟ್ಟು ನನಗೆ ಇಷ್ಟ. ಯಾರ ದಾನವನ್ನೂ ನಂಬದೆ, ಕಾರ್ಬನ್ ವ್ಯಾಪಾರದ, ಅಂದರೆ ಹೊಗೆ ತಗ್ಗಿಸಿದ ಲೆಕ್ಕವನ್ನೇ ಮಾರುವ ವ್ಯವಹಾರದ ಮೇಲೆ ನೂರಕ್ಕೆ ಎರಡರಂತೆ ಸುಂಕ ಹಾಕಿ ಕಟ್ಟಿದ ನಿಧಿ ಇದು. ಮುಂದೆ ಕಾರ್ಬನ್ ಬೆಲೆ ನೆಲಕಚ್ಚಿತು. ಆಮೇಲೆ ಇದೂ ದೇಣಿಗೆಗೆ ಕೈಚಾಚಬೇಕಾಯಿತು. ಒಂದು ದೇಶಕ್ಕೆ ಮೊದಲು 1 ಕೋಟಿ ಡಾಲರ್ ಮಿತಿ ಇತ್ತು. 2021ರಲ್ಲಿ ಅದು 2 ಕೋಟಿ ಆಯಿತು.

ಇನ್ನೊಂದು ಗ್ರೀನ್ ಕ್ಲೈಮೇಟ್ ಫಂಡ್. ದಕ್ಷಿಣ ಕೊರಿಯಾದ ಸಾಂಗ್ಡೊದಲ್ಲಿ ಕಚೇರಿ. 2015ರಲ್ಲಿ ಮೊದಲ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಅರ್ಧ ಹಣ ಹೊಂದಾಣಿಕೆಗೆ, ಆ ಅರ್ಧದಲ್ಲಿ ಅರ್ಧ ಹಿಂದುಳಿದ ದೇಶಗಳು, ಸಣ್ಣ ದ್ವೀಪಗಳು ಮತ್ತು ಆಫ್ರಿಕಾಕ್ಕೆ ಅನ್ನುವುದು ಇದರ ಗುರಿ. ಇಲ್ಲಿ ಅನುದಾನವೂ ಉಂಟು, ಸಾಲವೂ ಉಂಟು.

ಈಗ ಆ ನಡುವಿನ ಸಂಸ್ಥೆಗೆ ಬರೋಣ. ಎರಡೂ ನಿಧಿಗಳು ತಾವು ಮಾನ್ಯತೆ ಕೊಟ್ಟ ಸಂಸ್ಥೆಗಳ ಮೂಲಕ ಮಾತ್ರ ಹಣ ಕೊಡುತ್ತವೆ. ಲೆಕ್ಕಪತ್ರ ಹೇಗಿದೆ, ಆಡಿಟ್ ಆಗುತ್ತಾ, ಟೆಂಡರ್ ಹೇಗೆ ಕರೆಯುತ್ತಾರೆ, ಹಣ ತಿಂದವರ ಮೇಲೆ ದೂರು ಬಂದರೆ ಏನು ಮಾಡುತ್ತಾರೆ, ಜನರನ್ನು ಒಕ್ಕಲೆಬ್ಬಿಸುವುದಿಲ್ಲ ಅನ್ನುವುದಕ್ಕೆ ಏನು ಖಾತ್ರಿ, ಎಲ್ಲವನ್ನೂ ಕಾಗದದಲ್ಲಿ ತೋರಿಸಬೇಕು. ಸುಮ್ನೆ ನಿಯಮ ಇದೆ ಅಂದರೆ ಸಾಲದು, ಅದನ್ನು ಪಾಲಿಸಿದ್ದಕ್ಕೂ ದಾಖಲೆ ಬೇಕು. ಇದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ಆ ಪೂಜಾರಿಯನ್ನು ನಾವೇ ತಯಾರು ಮಾಡಬೇಕು.

ಅದನ್ನು ಮೊದಲು ಮಾಡಿ ತೋರಿಸಿದ್ದು ಸೆನೆಗಲ್. ಅಲ್ಲಿ 1980ರ ದಶಕದ ಬರಗಾಲದ ನೆರಳಲ್ಲಿ ಹುಟ್ಟಿದ ಒಂದು ಪರಿಸರ ನಿಗಾ ಕೇಂದ್ರ ಇದೆ. ಎಲ್ಲೆಲ್ಲಿ ಎಷ್ಟು ಹುಲ್ಲು ಉಳಿದಿದೆ ಅಂತ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುವುದು ಅದರ ಕೆಲಸ. 2010ರಲ್ಲಿ ಅಡಾಪ್ಟೇಶನ್ ಫಂಡ್‌ನಿಂದ ಮಾನ್ಯತೆ ಪಡೆದ ಜಗತ್ತಿನ ಮೊದಲ ರಾಷ್ಟ್ರೀಯ ಸಂಸ್ಥೆ ಅದೇ ಆಯಿತು. ಅದೇ ವರ್ಷ ಕಡಲ ಕೊರೆತ ತಡೆಯುವ ಯೋಜನೆಗೆ ಸುಮಾರು 86 ಲಕ್ಷ ಡಾಲರ್ ಮಂಜೂರಾಯಿತು. ರುಫಿಸ್ಕ್ ಪಟ್ಟಣದಲ್ಲಿ ಅಲೆ ತಡೆಯುವ ಗೋಡೆ, ಜೋಆಲ್‌ನಲ್ಲಿ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಒಡ್ಡು. ಉಳ್ಳಾಲದ ಕಡಲ ಕೊರೆತ, ಕರಾವಳಿಯ ಗಜನಿ ಗದ್ದೆಯ ಕಟ್ಟೆ ನೋಡಿದವರಿಗೆ ಆ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹಣವೇನೂ ದೊಡ್ಡದಲ್ಲ. ಆದರೆ ವಿದೇಶಿ ಏಜೆನ್ಸಿಯ ಕೈಗೆ ಹೋಗದೆ ಸೆನೆಗಲ್ ರಾಜಧಾನಿ ಡಾಕಾರ್‌ನ ಒಂದು ಕಚೇರಿಯ ಖಾತೆಗೆ ಬಂತು.

ಎಲ್ಲರಿಗೂ ಇದು ಸುಲಭವಲ್ಲ. ಪೆಸಿಫಿಕ್‌ನ ಟುವಾಲುವಿನ ಜನಸಂಖ್ಯೆ ಸುಮಾರು ಹನ್ನೊಂದು ಸಾವಿರ. ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು ಜನ. ಅಷ್ಟು ಜನರಲ್ಲಿ ಇಂಥ ಸಂಸ್ಥೆ ಕಟ್ಟುವುದು ಕಷ್ಟ. ಅದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ ಮೂಲಕ ಹೋಗಿ 2016ರಲ್ಲಿ ಗ್ರೀನ್ ಕ್ಲೈಮೇಟ್ ಫಂಡ್‌ನಿಂದ 3.6 ಕೋಟಿ ಡಾಲರ್ ಪಡೆಯಿತು. ಈ ದಾರಿಯಲ್ಲಿ ಬೇಗ ಆಗುತ್ತದೆ. ಆದರೆ ಏಜೆನ್ಸಿಗೆ ಶುಲ್ಕ ಹೋಗುತ್ತದೆ, ಅನುಭವವೂ ಅವರ ಹತ್ತಿರವೇ ಉಳಿಯುತ್ತದೆ. ಸಣ್ಣ ದ್ವೀಪಕ್ಕೆ ಸರಿ. ದೊಡ್ಡ ದೇಶಗಳೂ ಇದೇ ದಾರಿ ಹಿಡಿದರೆ ಅದು ಸೋಮಾರಿತನ ಅಂತ ನನ್ನ ಅಭಿಪ್ರಾಯ.

ಸಂಸ್ಥೆ ಸಿಕ್ಕಿತು ಅಂದುಕೊಳ್ಳಿ. ಪ್ರತಿ ದೇಶದಲ್ಲೂ ಗ್ರೀನ್ ಕ್ಲೈಮೇಟ್ ಫಂಡ್ ಜೊತೆ ವ್ಯವಹರಿಸಲು ಗೊತ್ತುಮಾಡಿದ ಒಂದು ಸರ್ಕಾರಿ ಕಚೇರಿ ಇರುತ್ತದೆ. ಭಾರತದಲ್ಲಿ ಅದು ಕೇಂದ್ರ ಪರಿಸರ ಸಚಿವಾಲಯ. ‘ನಮ್ಮ ಆಕ್ಷೇಪಣೆ ಇಲ್ಲ’ ಅಂತ ಅಲ್ಲಿಂದ ಪತ್ರ ಬರದೆ ಯಾವ ಯೋಜನೆಯೂ ಮುಂದೆ ಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಚಿಕ್ಕ ಟಿಪ್ಪಣಿ ಕಳಿಸುತ್ತಾರೆ. ಆಮೇಲೆ ನೂರಾರು ಪುಟದ ಪೂರ್ಣ ಪ್ರಸ್ತಾವ. ಅದನ್ನು ಬರೆಯುವುದಕ್ಕೇ ತಜ್ಞರು ಬೇಕು, ತಜ್ಞರಿಗೆ ದುಡ್ಡು ಬೇಕು. ತಮಾಷೆ ಏನೆಂದರೆ, ಹಣ ಕೇಳುವುದು ಹೇಗೆ ಅಂತ ಕಲಿಯಲಿಕ್ಕೂ ಅದೇ ನಿಧಿ ಹಣ ಕೊಡುತ್ತದೆ. ದೇಶದ ಹೊಂದಾಣಿಕೆ ಯೋಜನೆ ಬರೆಯಲು 30 ಲಕ್ಷ ಡಾಲರ್‌ವರೆಗೆ, ಒಂದು ಪ್ರಸ್ತಾವ ತಯಾರಿಸಲು 15 ಲಕ್ಷ ಡಾಲರ್‌ವರೆಗೆ ಕೇಳಬಹುದು. ಮೊದಲ ಸಲ ಹೋಗುವ ದೇಶ ಇಲ್ಲಿಂದಲೇ ಶುರುಮಾಡುವುದು ಜಾಣತನ.

ಆದರೆ ಪ್ರಸ್ತಾವಗಳು ಮುಗ್ಗರಿಸುವುದು ಇನ್ನೊಂದು ಕಡೆ. ‘ಇದು ಹವಾಮಾನದ ಸಮಸ್ಯೆಯೋ, ಅಭಿವೃದ್ಧಿಯ ಸಮಸ್ಯೆಯೋ?’ ಅನ್ನುವ ಪ್ರಶ್ನೆ. ಇಥಿಯೋಪಿಯಾ 2017ರಲ್ಲಿ ಬರ ಎದುರಿಸಲು ಸುಮಾರು 10 ಕೋಟಿ ಡಾಲರ್ ಕೇಳಿತು. ಇದು ಮಾಮೂಲಿ ನೀರಿನ ಯೋಜನೆಯ ಹಾಗಿದೆಯಲ್ಲ ಅಂತ ಗ್ರೀನ್ ಕ್ಲೈಮೇಟ್ ಫಂಡ್‌ನ ಆಡಳಿತ ಮಂಡಳಿಯಲ್ಲಿ ತಕರಾರು ಎದ್ದು ಒಪ್ಪಿಗೆ ಸಿಗಲಿಲ್ಲ. ತಿದ್ದಿ ಮತ್ತೆ ತಂದಾಗ ಆ ವರ್ಷವೇ ಸಿಕ್ಕಿತು, ಆದರೆ 4.5 ಕೋಟಿ. ನೀರಿಲ್ಲದ ಹೆಂಗಸಿಗೆ ಕೊಡ ಖಾಲಿ ಇರುವುದು ಬಡತನದಿಂದಲೋ ಬಿಸಿಯಾದ ಭೂಮಿಯಿಂದಲೋ ಅಂತ ಕೇಳುವುದು ಕ್ರೂರ ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಆದರೂ ಈ ಪ್ರಶ್ನೆಗೆ ಉತ್ತರ ಕೊಡದೆ ಗತಿಯಿಲ್ಲ. ಉತ್ತರ ಅಂದರೆ ಹಲವು ದಶಕಗಳ ಮಳೆ, ಉಷ್ಣಾಂಶದ ದಾಖಲೆ. ಬಡ ದೇಶಗಳಲ್ಲಿ ಇಲ್ಲದಿರುವುದೂ ಅದೇ. ಮಳೆಮಾಪಕಕ್ಕೆ ದುಡ್ಡಿಲ್ಲದವರ ಹತ್ತಿರ ಮಳೆಯ ಲೆಕ್ಕ ಕೇಳಿದ ಹಾಗೆ.

ನಮ್ಮ ದೇಶದ ಕತೆ ಪರವಾಗಿಲ್ಲ. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ಗೆ 2012ರಲ್ಲಿ ಅಡಾಪ್ಟೇಶನ್ ಫಂಡ್, 2015ರಲ್ಲಿ ಗ್ರೀನ್ ಕ್ಲೈಮೇಟ್ ಫಂಡ್ ಮಾನ್ಯತೆ ಸಿಕ್ಕಿತು. 2017ರಲ್ಲಿ ನಬಾರ್ಡ್ ಮೂಲಕ ಒಡಿಶಾಕ್ಕೆ ಒಂದು ಯೋಜನೆ ಬಂತು. ನೋಡಿ, ಅದೂ ಕೆರೆಯದೇ. ಆದಿವಾಸಿ ಪ್ರದೇಶಗಳ 10,000 ಕೆರೆಗಳಲ್ಲಿ ನೀರು ಇಂಗಿಸುವ ವ್ಯವಸ್ಥೆ, ಜೊತೆಗೆ ಸೋಲಾರ್ ಪಂಪು. ಒಟ್ಟು ಸುಮಾರು 16.6 ಕೋಟಿ ಡಾಲರ್. ಅದರಲ್ಲಿ ಗ್ರೀನ್ ಕ್ಲೈಮೇಟ್ ಫಂಡ್‌ನ ಅನುದಾನ ಸುಮಾರು 3.4 ಕೋಟಿ ಮಾತ್ರ. ಉಳಿದದ್ದನ್ನು ಬೇರೆ ಕಡೆಯಿಂದ ಹೊಂದಿಸಿಕೊಂಡರು. ಇಂಥ ನಿಧಿ ಪೂರ್ತಿ ಖರ್ಚು ಹೊರುವುದು ಅಪರೂಪ. ‘ನಿಮ್ಮ ಪಾಲೆಷ್ಟು?’ ಅಂತ ಮೊದಲೇ ಕೇಳುತ್ತದೆ.

ಇನ್ನು ನಿಮ್ಮ ಸಂಘ. ಅರ್ಜಿ ಹಾಕಲು ಆಗದಿದ್ದರೂ ಕೆಲಸ ಮಾಡುವ ಸಂಸ್ಥೆಯಾಗಿ ಒಳಗೆ ಬರಬಹುದು. ಪಶ್ಚಿಮ ಬಂಗಾಳದ ಪುರುಲಿಯಾ, ಬಾಂಕುರಾದ ಸಣ್ಣ ರೈತರ ಯೋಜನೆಯಲ್ಲಿ ಹಣ ಅಡಾಪ್ಟೇಶನ್ ಫಂಡ್‌ನದು, ಉಸ್ತುವಾರಿ ನಬಾರ್ಡ್‌ನದು, ನೆಲದ ಮೇಲಿನ ಕೆಲಸ ಒಂದು ಸ್ವಯಂಸೇವಾ ಸಂಸ್ಥೆಯದು. ನಮೀಬಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ರಾಷ್ಟ್ರೀಯ ನಿಧಿ 1 ಕೋಟಿ ಡಾಲರ್ ತಂದು, ಹಳ್ಳಿಯ ಸಮುದಾಯ ಸಂಸ್ಥೆಗಳಿಂದಲೇ ಅರ್ಜಿ ಕರೆದು ಸಣ್ಣ ಸಣ್ಣ ಅನುದಾನವಾಗಿ ಹಂಚಿತು. ಇಂಥದ್ದು ನಮ್ಮಲ್ಲೂ ಜಾಸ್ತಿ ಆಗಬೇಕು.

ಸದ್ಯಕ್ಕೆ ನಿಮ್ಮ ಜಿಲ್ಲೆಯ ನಬಾರ್ಡ್ ಅಧಿಕಾರಿಯನ್ನು ಕಂಡು ಮಾತಾಡಿ. ಹೋಗುವಾಗ ಸಂಘದ ಆಡಿಟ್ ವರದಿಗಳು, ತಾಲ್ಲೂಕಿನ ಹಳೆಯ ಮಳೆ ಲೆಕ್ಕ, ಕೆರೆ ಯಾವ ಯಾವ ವರ್ಷ ತುಂಬಿತು ಅನ್ನುವ ವಿವರ ಕೈಯಲ್ಲಿರಲಿ. ಅದಕ್ಕೂ ಮೊದಲು ಒಮ್ಮೆ ಕೆರೆ ಏರಿ ಹತ್ತಿ ಸುತ್ತ ನೋಡಿ ಬನ್ನಿ. ಮಳೆ ಕೈಕೊಟ್ಟು ಕೆರೆ ಬತ್ತಿದ್ದರೆ ನಿಮ್ಮ ಹತ್ತಿರ ಒಂದು ಪ್ರಸ್ತಾವ ಇದೆ. ಯಾರೋ ಕಾಲುವೆ ಒತ್ತುವರಿ ಮಾಡಿ ಬತ್ತಿದ್ದರೆ ಸಾಂಗ್ಡೊವರೆಗೆ ಹೋಗಬೇಕಿಲ್ಲ, ತಹಶೀಲ್ದಾರ್ ಕಚೇರಿ ಸಾಕು.